ಕಾಖೇತಿಯ ಹಳ್ಳಿ ಮನೆಯಲ್ಲಿ ವೈನ್: ಒಂದು ಕುಟುಂಬದ ಮಾರಾನಿಗೆ ಹೋಗಿ ಬರುವ ಸಮಗ್ರ ಮಾರ್ಗದರ್ಶಿ

ಜಾರ್ಜಿಯಾ ದೇಶದ ಪೂರ್ವಕ್ಕೆ ಕಾಖೇತಿ ಅಂತ ಒಂದು ಸೀಮೆ ಇದೆ. ಅಲ್ಲಿನ ತೆಲಾವಿ ಪಟ್ಟಣ ದಾಟಿ ಅಲಜಾನಿ ನದಿಯ ಕಡೆಗೆ ಇಳಿದರೆ ಹಳ್ಳಿಗಳು ಒಂದರ ಹಿಂದೆ ಒಂದು ಬರುತ್ತವೆ. ರಸ್ತೆಯ ಎರಡೂ ಕಡೆ ದ್ರಾಕ್ಷಿ ತೋಟ. ಎದುರಿಗೆ ಹಿಮ ಹೊದ್ದ ಕಾಕಸಸ್ ಬೆಟ್ಟಸಾಲು. ನಾವು ಮೊದಲ ಸಲ ಹೋಗಿದ್ದ ಮನೆಗೆ ಬೋರ್ಡ್ ಕೂಡ ಇರಲಿಲ್ಲ. ನೀಲಿ ಬಣ್ಣದ ಕಬ್ಬಿಣದ ಗೇಟು, ಅದರ ಹಿಂದೆ ದ್ರಾಕ್ಷಿ ಚಪ್ಪರ, ಕಟ್ಟಿಹಾಕಿದ ಒಂದು ನಾಯಿ. ಡ್ರೈವರ್ ಹಾರ್ನ್ ಹೊಡೆದಾಗ ಅಜ್ಜಿಯೊಬ್ಬರು ಕೈ ಒರೆಸಿಕೊಳ್ಳುತ್ತಾ ಬಂದು ಗೇಟು ತೆಗೆದರು. ನಾವು ಹೇಳಿದ್ದ ಹೊತ್ತಿಗಿಂತ ಮೂರು ಗಂಟೆ ತಡವಾಗಿತ್ತು. ಒಳಗೆ ಮೇಜಿನ ಮೇಲೆ ಬಟ್ಟೆ ಮುಚ್ಚಿಟ್ಟ ಊಟ ಪೂರ್ತಿ ಆರಿಹೋಗಿತ್ತು. ಮನೆಯವರು ಯಾರೂ ಊಟ ಮಾಡಿರಲಿಲ್ಲ. ನಮಗಾಗಿ ಕಾಯುತ್ತಿದ್ದರು.

ಆ ದಿನ ನಾವು ಮೂರು ವೈನರಿ ನೋಡಬೇಕು ಅಂತ ಪಟ್ಟಿ ಹಾಕಿಕೊಂಡು ಹೊರಟಿದ್ದೆವು. ಮೊದಲೆರಡು ದೊಡ್ಡ ಕಂಪನಿಗಳಲ್ಲೇ ಹೊತ್ತು ಹೋಯಿತು. ಕೊನೆಗೆ ಈ ಮನೆಯಲ್ಲಿ ಸಿಕ್ಕಿದ್ದು ನಲವತ್ತು ನಿಮಿಷ. ಅಜ್ಜಿ ಬೇಜಾರು ತೋರಿಸಲಿಲ್ಲ, ಊಟವನ್ನು ಮತ್ತೆ ಬಿಸಿ ಮಾಡಿ ಬಡಿಸಿದರು. ಆ ನಲವತ್ತು ನಿಮಿಷ ನನಗೆ ಇವತ್ತಿಗೂ ಚುಚ್ಚುತ್ತದೆ. ಮುಂದಿನ ವರ್ಷ ಅದೇ ಮನೆಗೆ ಮತ್ತೆ ಹೋದೆ, ಪೂರ್ತಿ ಎರಡು ದಿನ ಇದ್ದೆ. ಈ ಬರಹದಲ್ಲಿರುವುದೆಲ್ಲ ಆ ಎರಡು ಸಲದ ನಡುವೆ ಕಲಿತದ್ದು. ಹಾಗಾಗಿ ಮೊದಲ ನಿಯಮ ಇಲ್ಲೇ ಹೇಳಿಬಿಡುತ್ತೇನೆ: ಒಂದು ದಿನಕ್ಕೆ ಒಂದೇ ಮನೆ.

ಮಾರಾನಿ ಅಂದರೆ ಏನು

ಮಾರಾನಿ ಅಂದರೆ ವೈನ್ ಮಾಡಿ ಇಡುವ ಜಾಗ. ಮನೆಯ ಪಕ್ಕದ ಒಂದು ಕೋಣೆಯೋ ಶೆಡ್ಡೋ ಆಗಿರಬಹುದು. ದೇಶದ ಪಶ್ಚಿಮದ ಕಡೆ ಎಷ್ಟೋ ಮನೆಗಳಲ್ಲಿ ಅದು ಬಯಲಲ್ಲೇ ಇರುತ್ತದೆ. ಒಳಗೆ ಹೋದರೆ ಪೀಪಾಯಿಗಳ ಸಾಲು ಕಾಣುವುದಿಲ್ಲ. ನೆಲ ಮಾತ್ರ ಕಾಣುತ್ತದೆ, ನೆಲದಲ್ಲಿ ದುಂಡನೆಯ ಬಾಯಿಗಳು. ಪ್ರತಿ ಬಾಯಿಯ ಕೆಳಗೆ ಒಂದು ದೊಡ್ಡ ಮಣ್ಣಿನ ಗುಡಾಣ ಕತ್ತಿನವರೆಗೆ ಹೂತಿರುತ್ತದೆ. ಅದಕ್ಕೆ ಕ್ವೆವ್ರಿ ಅನ್ನುತ್ತಾರೆ. ಮೊಟ್ಟೆಯ ಆಕಾರ, ತಳ ಚೂಪು. ಒಳಗೋಡೆಗೆ ಜೇನುಮೇಣ ಸವರಿರುತ್ತಾರೆ. ಮನೆಗಳಲ್ಲಿ ಕೆಲವು ನೂರು ಲೀಟರಿನಿಂದ ಎರಡು ಸಾವಿರ ಲೀಟರ್ ಹಿಡಿಯುವಷ್ಟರವರೆಗೆ ಇರುತ್ತವೆ.

ಈ ಪದ್ಧತಿ ಎಷ್ಟು ಹಳೆಯದು ಅಂತ ಕೇಳಿದರೆ ಬೆರಗಾಗುತ್ತದೆ. ರಾಜಧಾನಿ ತಿಬಿಲಿಸಿಯ ದಕ್ಷಿಣಕ್ಕೆ ಗದಾಚ್ರಿಲಿ ಗೋರಾ ಎಂಬ ಕಡೆ ಅಗೆದು ತೆಗೆದ ಮಡಕೆ ಚೂರುಗಳಲ್ಲಿ ದ್ರಾಕ್ಷಿ ವೈನಿನ ಗುರುತು ಸಿಕ್ಕಿತು. ಸುಮಾರು 8,000 ವರ್ಷ ಹಿಂದಿನವು ಎಂದು 2017ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಕ್ವೆವ್ರಿಯಲ್ಲಿ ವೈನ್ ಮಾಡುವ ಪದ್ಧತಿಯನ್ನು ಯುನೆಸ್ಕೊ 2013ರಲ್ಲಿ ತನ್ನ ಪರಂಪರೆ ಪಟ್ಟಿಗೆ ಸೇರಿಸಿತು.

ಇದನ್ನೆಲ್ಲ ಉಳಿಸಿದ್ದು ಹಳ್ಳಿಯ ಮನೆಗಳು. ಸೋವಿಯತ್ ಕಾಲದಲ್ಲಿ ದೊಡ್ಡ ಕಾರ್ಖಾನೆಗಳಿಗೆ ಬೇಕಾಗಿದ್ದು ಕೆಲವೇ ತಳಿಯ ದ್ರಾಕ್ಷಿ, ಲಾರಿಗಟ್ಟಲೆ ವೈನ್. 1985ರಲ್ಲಿ ಗೋರ್ಬಚೆವ್ ಕುಡಿತದ ವಿರುದ್ಧ ಅಭಿಯಾನ ಶುರು ಮಾಡಿದಾಗ ತೋಟಗಳನ್ನೇ ಕಿತ್ತು ಹಾಕಿದರು. 2006ರಲ್ಲಿ ರಷ್ಯಾ ಜಾರ್ಜಿಯಾದ ವೈನ್ ನಿಷೇಧಿಸಿತು, ಅದು 2013ರವರೆಗೆ ನಡೆಯಿತು. ಅಷ್ಟೆಲ್ಲ ಆದರೂ ಹಿತ್ತಲಿನಲ್ಲಿ ನಾಲ್ಕು ಸಾಲು ಬಳ್ಳಿ, ನೆಲದಲ್ಲಿ ಎರಡು ಗುಡಾಣ ಇಟ್ಟುಕೊಂಡು ಜನ ತಮ್ಮ ಮನೆಗೆ ಬೇಕಾದಷ್ಟು ಮಾಡುತ್ತಲೇ ಬಂದರು. ನೀವು ನೋಡಲು ಹೋಗುವುದು ಆ ಮನೆಗಳನ್ನು. ಅದಕ್ಕೇ ಅಲ್ಲಿಗೆ ಗಿರಾಕಿಯ ಥರ ಹೋಗಬಾರದು, ನೆಂಟರ ಥರ ಹೋಗಬೇಕು.

ಹೆಜ್ಜೆ 1: ಕಾಲ ನೋಡಿಕೊಳ್ಳಿ

ಕಾಖೇತಿಯಲ್ಲಿ ಕೊಯ್ಲು ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ. ಅದಕ್ಕೆ ರ್ತ್ವೇಲಿ ಅಂತ ಹೆಸರು. ನಮ್ಮ ಸುಗ್ಗಿಯ ಹಾಗೆ. ಊರಿಗೆ ಊರೇ ತೋಟದಲ್ಲಿ ಇರುತ್ತದೆ, ಪಟ್ಟಣಕ್ಕೆ ಹೋದ ಮಕ್ಕಳೂ ವಾಪಸ್ ಬಂದಿರುತ್ತಾರೆ. ನೋಡಲು ಬಲು ಚೆಂದ, ಆದರೆ ಮನೆಯವರಿಗೆ ಕೂತು ಮಾತಾಡುವಷ್ಟು ಪುರುಸೊತ್ತು ಇರುವುದಿಲ್ಲ. ಕೈಜೋಡಿಸುವ ಮನಸ್ಸಿದ್ದರೆ ಮಾತ್ರ ಆಗ ಹೋಗಿ. ಬೆಳಿಗ್ಗೆ ಬೇಗ ಏಳಬೇಕು, ಗೊಂಚಲು ಕತ್ತರಿಸಬೇಕು, ಬಕೆಟ್ ಹೊರಬೇಕು. ಹಳೇ ಬಟ್ಟೆ ಹಾಕಿಕೊಳ್ಳಿ. ರಸದ ಅಂಟು, ಕಣಜದ ಹುಳು ಎರಡೂ ಜಾಸ್ತಿ.

ಚಳಿಗಾಲದಲ್ಲಿ ಗುಡಾಣಗಳ ಬಾಯಿ ಮುಚ್ಚಿರುತ್ತದೆ, ವೈನ್ ಒಳಗೆ ಮಲಗಿರುತ್ತದೆ. ನೋಡಲು ಏನೂ ಇರುವುದಿಲ್ಲ.

ನನ್ನ ಮಟ್ಟಿಗೆ ಒಳ್ಳೆಯದು ಏಪ್ರಿಲ್, ಮೇ. ಹೊಸ ವೈನಿನ ಗುಡಾಣಗಳನ್ನು ತೆರೆಯುವ ಕಾಲ ಅದು. ಬೆಟ್ಟದ ಮೇಲೆ ಇನ್ನೂ ಹಿಮ, ಕೆಳಗೆ ಹಸಿರು. ಮನೆಯವರಿಗೂ ಸ್ವಲ್ಪ ಬಿಡುವು. ಆದರೆ ಅವರ ಈಸ್ಟರ್ ದಿನಗಳನ್ನು ಬಿಟ್ಟುಬಿಡಿ. ಅದು ಆರ್ಥೊಡಾಕ್ಸ್ ಕ್ರೈಸ್ತರ ದೇಶ, ನಮ್ಮ ಕ್ಯಾಲೆಂಡರಿನಲ್ಲಿರುವ ಈಸ್ಟರಿಗೂ ಅವರದಕ್ಕೂ ಎಷ್ಟೋ ವರ್ಷ ತಾರೀಖು ಹೊಂದುವುದಿಲ್ಲ. ಹೊರಡುವ ಮುಂಚೆ ನೋಡಿಕೊಳ್ಳಿ.

ಹೆಜ್ಜೆ 2: ಮನೆ ಹುಡುಕಿ

ನೆಟ್‌ನಲ್ಲಿ ಹುಡುಕಿದರೆ ಮೊದಲು ಬರುವುದೆಲ್ಲ ದೊಡ್ಡವರದ್ದು. ಬಸ್ಸಿನಲ್ಲಿ ನಲವತ್ತು ಜನ ಇಳಿಯುವ ಜಾಗಗಳವು. ಸಣ್ಣ ಮನೆ ಸಿಗುವ ದಾರಿ ಬೇರೆ.

ನನಗೆ ಫಲ ಕೊಟ್ಟ ದಾರಿ ಇದು. ತಿಬಿಲಿಸಿಯ ಹಳೇ ಊರಿನಲ್ಲಿ ಸಣ್ಣ ತಯಾರಕರ ವೈನ್ ಮಾತ್ರ ಇಡುವ ಅಂಗಡಿಗಳು, ಬಾರ್‌ಗಳು ಇವೆ. ಒಂದು ಸಂಜೆ ಅಲ್ಲಿ ಕೂತು ಎರಡು ಮೂರು ಬಗೆ ರುಚಿ ನೋಡಿ. ಯಾವುದು ಹಿಡಿಸಿತೋ ಆ ಬಾಟಲಿಯ ಹಿಂದಿನ ಚೀಟಿ ಓದಿ. ಊರಿನ ಹೆಸರು, ಆ ವರ್ಷ ಎಷ್ಟು ಬಾಟಲಿ ಆಯಿತು ಅನ್ನುವ ಲೆಕ್ಕ, ಎಷ್ಟೋ ಸಲ ಫೋನ್ ನಂಬರ್ ಕೂಡ ಇರುತ್ತದೆ. ಸಾವಿರ, ಎರಡು ಸಾವಿರ ಬಾಟಲಿ ಅಂತ ಇದ್ದರೆ ಅದು ಮನೆ ಮಂದಿಯೇ ಮಾಡಿದ್ದು ಅಂತ ತಿಳಿಯಿರಿ. ಅಂಗಡಿಯವರನ್ನೂ ಕೇಳಿ, "ಅವರು ಮನೆಗೆ ಬರಲು ಬಿಡುತ್ತಾರಾ?" ಅಂತ. ಹೆಚ್ಚಿನವರು ಅಲ್ಲೇ ಫೋನ್ ಎತ್ತಿ ಮಾತಾಡಿಬಿಡುತ್ತಾರೆ.

ಮೇ ತಿಂಗಳಲ್ಲಿ ಹೋಗುವುದಾದರೆ ತಿಬಿಲಿಸಿಯಲ್ಲಿ ಹೊಸ ವೈನಿನ ಹಬ್ಬ ನಡೆಯುತ್ತದೆ. ದೊಡ್ಡವರ ಜೊತೆಗೆ ಹಳ್ಳಿಯ ಮನೆಯವರೂ ಮೇಜು ಹಾಕಿಕೊಂಡು ನಿಂತಿರುತ್ತಾರೆ. ಮುಖ ನೋಡಿ, ಮಾತಾಡಿಸಿ, ನಂಬರ್ ತೆಗೆದುಕೊಳ್ಳಬಹುದು. ಇದಕ್ಕಿಂತ ಸುಲಭದ ದಾರಿ ಇಲ್ಲ.

ಇನ್ನೊಂದು ಮಾತು. ಎಲ್ಲರೂ ಕಾಖೇತಿಗೇ ಹೋಗುತ್ತಾರೆ. ನಿಮಗೆ ಇನ್ನೂ ದೂರದ, ಇನ್ನೂ ಸಣ್ಣ ಮನೆಗಳು ಬೇಕಿದ್ದರೆ ಪಶ್ಚಿಮಕ್ಕೆ ಹೋಗಿ. ಅಲ್ಲಿನ ಇಮೆರೇತಿ ಸೀಮೆಯಲ್ಲಿ ಗುಡಾಣಕ್ಕೆ ಚೂರಿ ಅನ್ನುತ್ತಾರೆ, ರಸದ ಜೊತೆ ಸಿಪ್ಪೆ ಕಡಿಮೆ ಹಾಕುತ್ತಾರೆ, ವೈನ್ ಹಗುರ. ಗುರಿಯಾ, ಸಮೆಗ್ರೆಲೊ ಕಡೆ ದ್ರಾಕ್ಷಿ ಬಳ್ಳಿಯನ್ನು ಮರಕ್ಕೆ ಹಬ್ಬಿಸುವ ಹಳೇ ರೂಢಿ ಇನ್ನೂ ಅಲ್ಲಲ್ಲಿ ಉಳಿದಿದೆ. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿ ಏಣಿ ಹತ್ತಿ ಕೊಯ್ಯುವ ಮಲೆನಾಡಿನವರಿಗೆ ಅದನ್ನು ನೋಡಿದ ಕೂಡಲೇ ಗುರುತು ಹತ್ತುತ್ತದೆ.

ಹೆಜ್ಜೆ 3: ಮುಂಚೆ ಮಾತಾಡಿಕೊಳ್ಳಿ

ಸುಮ್ನೆ ಹೋಗಿ ಗೇಟು ತಟ್ಟಬೇಡಿ. ತಟ್ಟಿದರೆ ಒಳಗೆ ಕರೆಯುತ್ತಾರೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಮನೆಯಲ್ಲಿ ಏನೂ ಇಲ್ಲದ ದಿನ ನೀವು ಹೋದರೆ ಅವರು ಪಕ್ಕದ ಮನೆಯಿಂದ ಕೋಳಿ ತಂದಾದರೂ ಊಟ ಹಾಕುತ್ತಾರೆ. ಆ ಕಷ್ಟ ಕೊಡಬಾರದು.

ಕನಿಷ್ಠ ಒಂದು ವಾರ ಮುಂಚೆ ಮೆಸೇಜ್ ಕಳಿಸಿ. ಅಲ್ಲಿ ಜನ ಫೇಸ್‌ಬುಕ್ ಮೆಸೆಂಜರ್ ಜಾಸ್ತಿ ಬಳಸುತ್ತಾರೆ, ವಾಟ್ಸಾಪ್ ಕೂಡ ನಡೆಯುತ್ತದೆ. ಹಿರಿಯರಿಗೆ ಜಾರ್ಜಿಯನ್ ಬಿಟ್ಟರೆ ರಷ್ಯನ್ ಬರುತ್ತದೆ. ಇಂಗ್ಲಿಷ್ ಬರುವುದು ಸಾಮಾನ್ಯವಾಗಿ ಮಗಳಿಗೋ ಮೊಮ್ಮಗನಿಗೋ. ಹಾಗಾಗಿ ಚಿಕ್ಕ ವಾಕ್ಯದಲ್ಲಿ ಬರೆದು, ಫೋನಿನಲ್ಲೇ ಜಾರ್ಜಿಯನ್‌ಗೆ ತಿರುಗಿಸಿ ಎರಡನ್ನೂ ಕಳಿಸಿ. ಸಮಯದ ಲೆಕ್ಕ ಮರೆಯಬೇಡಿ: ಜಾರ್ಜಿಯಾ ನಮಗಿಂತ ಒಂದೂವರೆ ಗಂಟೆ ಹಿಂದೆ. ಬೆಂಗಳೂರಿನ ಬೆಳಿಗ್ಗೆ ಎಂಟು ಅಲ್ಲಿ ಆರೂವರೆ.

ಮೆಸೇಜಿನಲ್ಲಿ ಇಷ್ಟು ಇರಲಿ. ಎಷ್ಟು ಜನ. ಯಾವ ದಿನ, ಎಷ್ಟು ಹೊತ್ತಿಗೆ. ಊಟ ಬೇಕಾ, ಬೇಡವಾ. ತಲೆಗೆ ಎಷ್ಟು ಕೊಡಬೇಕು. ಯಾರಿಗೆ ಮಾಂಸ ನಡೆಯುವುದಿಲ್ಲ. ಯಾರು ಕುಡಿಯುವುದಿಲ್ಲ. ಮಕ್ಕಳು ಇದ್ದಾರಾ. ರಾತ್ರಿ ಉಳಿಯಲು ಕೋಣೆ ಇದೆಯಾ. ಕೊನೆಗೆ ಮನೆ ಇರುವ ಜಾಗದ ಮ್ಯಾಪ್ ಗುರುತು ಕೇಳಿಕೊಳ್ಳಿ. ಹಳ್ಳಿಯಲ್ಲಿ ಮನೆ ನಂಬರ್ ಹಿಡಿದು ಹುಡುಕಿದರೆ ಸಿಗುವುದಿಲ್ಲ.

ಸಸ್ಯಾಹಾರಿಗಳಿಗೆ ಒಂದು ಪದ ಬಹಳ ಉಪಯೋಗ: "ಸಮರ್ಖ್ವೊ". ಅಂದರೆ ಉಪವಾಸದ ದಿನದ ಊಟ. ಚರ್ಚಿನ ಉಪವಾಸದಲ್ಲಿ ಅವರು ಮಾಂಸ, ಮೊಟ್ಟೆ, ಹಾಲು ಯಾವುದನ್ನೂ ತಿನ್ನುವುದಿಲ್ಲ. ಈ ಪದ ಹೇಳಿದರೆ ಅಜ್ಜಿಗೆ ಏನು ಅಡುಗೆ ಮಾಡಬೇಕು ಅಂತ ತಕ್ಷಣ ಗೊತ್ತಾಗುತ್ತದೆ. "ವೆಜಿಟೇರಿಯನ್" ಅಂದರೆ ಕೋಳಿ ಸಾರು ಬಂದರೂ ಬರಬಹುದು. ಹಾಲು, ಚೀಸ್ ನಡೆಯುತ್ತದೆ ಅನ್ನುವವರು ಅದನ್ನು ಬೇರೆಯಾಗಿ ಹೇಳಿ.

ಹೆಜ್ಜೆ 4: ದಾರಿ

ತಿಬಿಲಿಸಿಯಿಂದ ತೆಲಾವಿಗೆ ಎರಡು ದಾರಿ. ಗೊಂಬೋರಿ ಘಾಟಿ ಹತ್ತಿ ಇಳಿಯುವುದು ಹತ್ತಿರ. ಘಾಟಿಯ ತುದಿ 1,600 ಮೀಟರ್‌ಗೂ ಜಾಸ್ತಿ ಎತ್ತರ. ತಿರುವು ಬಹಳ, ನಮ್ಮ ಚಾರ್ಮಾಡಿ ನೆನಪಾಗುತ್ತದೆ. ಚಳಿಗಾಲದಲ್ಲಿ ಹಿಮ ಬಿದ್ದರೆ ಈ ದಾರಿ ಬೇಡ. ಇನ್ನೊಂದು ಸಗರೇಜೊ, ಗುರ್ಜಾನಿ ಮೇಲೆ ಸುತ್ತಿ ಹೋಗುವ ಹೆದ್ದಾರಿ. ದೂರ ಜಾಸ್ತಿ, ಆದರೆ ಆರಾಮ.

ಮಾರ್ಶ್ರುತ್ಕಾ ಅನ್ನುವ ಮಿನಿ ವ್ಯಾನುಗಳು ತೆಲಾವಿಗೆ, ಸಿಗ್ನಾಗಿಗೆ ಅಗ್ಗದಲ್ಲಿ ಒಯ್ಯುತ್ತವೆ. ನಮ್ಮ ಮ್ಯಾಕ್ಸಿಕ್ಯಾಬ್ ಥರಾನೇ, ತುಂಬಿದ ಮೇಲೆ ಹೊರಡುತ್ತವೆ. ಅಲ್ಲಿಂದ ಹಳ್ಳಿಗೆ ಟ್ಯಾಕ್ಸಿ ಹಿಡಿಯಬೇಕು. ಸ್ವಂತ ಗಾಡಿ ಓಡಿಸುವ ಯೋಚನೆ ಬಿಡಿ. ಅಲ್ಲಿ ರಸ್ತೆಯ ಬಲಗಡೆ ಓಡಿಸಬೇಕು, ನಮಗೆ ಅಭ್ಯಾಸ ಇಲ್ಲ. ಮೇಲಾಗಿ ವೈನ್ ಕುಡಿಯಲು ಹೋಗುವವರು ಸ್ಟೀರಿಂಗ್ ಹಿಡಿಯಲೇಬಾರದು. ಇಡೀ ದಿನಕ್ಕೆ ಗಾಡಿ ಮಾತಾಡಿಕೊಳ್ಳಿ, ಕಾಯುವ ಹೊತ್ತಿನ ದುಡ್ಡನ್ನೂ ಸೇರಿಸಿಯೇ ಹೇಳಿಸಿಕೊಳ್ಳಿ. ಊಟಕ್ಕೆ ಜನ ಎಣಿಸುವಾಗ ಡ್ರೈವರನ್ನೂ ಸೇರಿಸಿ. ಅವರೂ ಅದೇ ಮೇಜಿಗೆ ಕೂರುತ್ತಾರೆ. ಎಷ್ಟೋ ಸಲ ಅವರೇ ನಿಮ್ಮ ದುಭಾಷಿ.

ವೀಸಾ ನಿಯಮ ಆಗಾಗ ಬದಲಾಗುತ್ತದೆ. ಭಾರತದಿಂದ ಹೋಗುವವರೂ, ದುಬೈ, ದೋಹಾ, ಕುವೈತಿನಲ್ಲಿರುವ ಕನ್ನಡಿಗರೂ ಟಿಕೆಟ್ ಕೊಳ್ಳುವ ಮುಂಚೆ ಜಾರ್ಜಿಯಾ ಸರ್ಕಾರದ ಪುಟದಲ್ಲೇ ಓದಿ. ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್, ವಿಮೆ ಇವನ್ನೆಲ್ಲ ಕಾಗದದಲ್ಲಿ ಮುದ್ರಿಸಿ ಕೈಯಲ್ಲಿ ಇಟ್ಟುಕೊಳ್ಳಿ.

ಹೆಜ್ಜೆ 5: ಗೇಟು ದಾಟಿದ ಮೇಲೆ

ಬರಿಗೈಯಲ್ಲಿ ಹೋಗಬೇಡಿ. ವೈನ್ ಒಯ್ಯುವುದೂ ಬೇಡ. ನಾನು ಎರಡನೇ ಸಲ ಒಯ್ದದ್ದು ಕೊಡಗಿನ ಕಾಫಿಪುಡಿ, ಏಲಕ್ಕಿ, ಮಕ್ಕಳಿಗೆ ಚನ್ನಪಟ್ಟಣದ ಬುಗುರಿ. ಏಲಕ್ಕಿ ಪೊಟ್ಟಣ ಬಿಚ್ಚಿದ ಕೂಡಲೇ ಅಜ್ಜಿ ಅದನ್ನು ಮೂಗಿಗೆ ಹಿಡಿದು ಅಡುಗೆಮನೆಗೇ ಎದ್ದು ಹೋದರು. ಮಧ್ಯಾಹ್ನದ ಚಹಾಕ್ಕೆ ಅದೇ ಬಿತ್ತು.

ನಾಲ್ಕು ಮಾತು ಕಲಿತುಕೊಳ್ಳಿ. "ಗಮರ್ಜೋಬಾ" ಅಂದರೆ ನಮಸ್ಕಾರ. "ಮದ್ಲೋಬಾ" ಅಂದರೆ ಥ್ಯಾಂಕ್ಸ್. "ಮೆ ಇಂದೋಎತಿದಾನ್ ವಾರ್", ನಾನು ಭಾರತದವನು. ಇದನ್ನು ಕೇಳಿದ ಹಿರಿಯರು ರಾಜ್ ಕಪೂರ್ ಹೆಸರು ಹೇಳಿದರೆ ಅಚ್ಚರಿಪಡಬೇಡಿ. ಸೋವಿಯತ್ ಕಾಲದಲ್ಲಿ ಅವರ ಸಿನಿಮಾ ನೋಡಿ ಬೆಳೆದವರು ಅಲ್ಲಿ ಬಹಳ.

ಕಾಖೇತಿಯವರಿಗೆ ಭಾರತದ ಜೊತೆ ಇನ್ನೊಂದು ನಂಟಿದೆ. ನಮ್ಮಲ್ಲಿ ಅದು ಗೊತ್ತಿರುವವರು ಕಮ್ಮಿ. ಕಾಖೇತಿಯ ರಾಣಿ ಕೆತೆವಾನ್ 1624ರಲ್ಲಿ ಪರ್ಷಿಯಾದಲ್ಲಿ ಮತ ಬಿಡದೆ ಪ್ರಾಣ ಕೊಟ್ಟವರು. ಅವರ ಅಸ್ಥಿಯ ಒಂದು ಭಾಗವನ್ನು ಪಾದ್ರಿಗಳು ಗೋವಾಕ್ಕೆ ತಂದಿದ್ದರು. ಹಳೇ ಗೋವಾದ ಸಂತ ಅಗಸ್ಟೀನ್ ಚರ್ಚಿನ ಪಾಳುಗೋಡೆಗಳ ನಡುವೆ ಅದು ಸಿಕ್ಕಿತು. 2021ರ ಜುಲೈಯಲ್ಲಿ ನಮ್ಮ ವಿದೇಶಾಂಗ ಸಚಿವ ಜೈಶಂಕರ್ ಅದರ ಒಂದು ಭಾಗವನ್ನು ತಿಬಿಲಿಸಿಯಲ್ಲಿ ಒಪ್ಪಿಸಿದರು. "ಕಾರವಾರ ದಾಟಿದರೆ ಗೋವಾ, ನಾನು ಅದರ ಪಕ್ಕದ ನಾಡಿನವನು" ಅಂತ ಮೊಮ್ಮಗಳ ಮೂಲಕ ಹೇಳಿಸಿದೆ. ಅಜ್ಜಿ ಶಿಲುಬೆ ಗುರುತು ಮಾಡಿಕೊಂಡು ನನ್ನ ಕೈ ಹಿಡಿದುಕೊಂಡರು.

ಹೆಜ್ಜೆ 6: ನೆಲದೊಳಗಿನ ಗುಡಾಣ

ಇಲ್ಲಿ ಅವಸರ ಬೇಡ. ಮನೆಯ ಯಜಮಾನ ಒಂದೊಂದನ್ನೇ ತೋರಿಸಲಿ, ನೀವು ಕೇಳುತ್ತಾ ಹೋಗಿ.

ಗೋಡೆಗೆ ಒರಗಿಸಿದ, ಒಂದೇ ಮರದ ಕಾಂಡ ಕೊರೆದು ಮಾಡಿದ ಉದ್ದನೆಯ ತೊಟ್ಟಿ ಸತ್ಸ್‌ನಾಖೆಲಿ. ದ್ರಾಕ್ಷಿಯನ್ನು ಅದರಲ್ಲಿ ಹಾಕಿ ಕಾಲಿನಿಂದ ತುಳಿಯುತ್ತಾರೆ. ರಸ ಗುಡಾಣಕ್ಕೆ ಇಳಿಯುತ್ತದೆ. ಕಾಖೇತಿಯ ಪದ್ಧತಿಯಲ್ಲಿ ಸಿಪ್ಪೆ, ಬೀಜ, ಕೆಲವೊಮ್ಮೆ ತೊಟ್ಟು ಕೂಡ ರಸದ ಜೊತೆಗೇ ಹೋಗುತ್ತದೆ. ಈ ಗಸಿಗೆ ಚಾಚಾ ಅನ್ನುತ್ತಾರೆ. ಹುಳಿ ಬರುವಾಗ ಸಿಪ್ಪೆ ಮೇಲಕ್ಕೆ ತೇಲುತ್ತದೆ, ದಿನಕ್ಕೆ ಮೂರು ನಾಲ್ಕು ಸಲ ಕೋಲಿನಿಂದ ಕೆಳಕ್ಕೆ ಒತ್ತಬೇಕು. ರಾತ್ರಿಯೂ ಎದ್ದು ಒತ್ತುತ್ತಾರೆ. ಕುದಿ ನಿಂತು ಸಿಪ್ಪೆಯೆಲ್ಲ ತಳಕ್ಕೆ ಇಳಿದ ಮೇಲೆ ಬಾಯಿಗೆ ಕಲ್ಲಿನ ಮುಚ್ಚಳ ಇಟ್ಟು ಜೇಡಿಮಣ್ಣಿನಿಂದ ಮೆತ್ತುತ್ತಾರೆ. ಐದಾರು ತಿಂಗಳು ಯಾರೂ ಮುಟ್ಟುವುದಿಲ್ಲ. ತಳ ಚೂಪಾಗಿರುವುದರಿಂದ ಬೀಜಗಳು ಮೊದಲು ಕೆಳಗೆ ಕೂರುತ್ತವೆ. ಅವುಗಳ ಮೇಲೆ ಸಿಪ್ಪೆ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಬೀಜದ ಕಹಿ ಮೇಲಕ್ಕೆ ಅಷ್ಟಾಗಿ ಬರುವುದಿಲ್ಲ. ಗುಡಾಣದ ಆಕಾರದ ಗುಟ್ಟು ಇದು. ನೆಲದ ತಂಪು ಉಳಿದ ಕೆಲಸ ಮಾಡುತ್ತದೆ.

ಬಾಯಿ ತೆರೆಯುವುದನ್ನು ನೋಡುವ ಭಾಗ್ಯ ಸಿಕ್ಕರೆ ಬಿಡಬೇಡಿ. ಯಜಮಾನ ಮಂಡಿಯೂರಿ ಕೂತರು. ಒಣಗಿ ಬಿರುಕು ಬಿಟ್ಟ ಮಣ್ಣನ್ನು ಚಾಕುವಿನಿಂದ ಸುತ್ತಲೂ ಬಿಡಿಸಿದರು. ಒಂದು ಚೂರೂ ಒಳಗೆ ಬೀಳದ ಹಾಗೆ ಪೊರಕೆಯಿಂದ ಗುಡಿಸಿ, ಒದ್ದೆ ಬಟ್ಟೆಯಿಂದ ಅಂಚು ಒರೆಸಿದರು. ಆಮೇಲೆ ಇಬ್ಬರು ಸೇರಿ ಕಲ್ಲು ಸರಿಸಿದರು. ಒಳಗೆ ಕನ್ನಡಿಯ ಹಾಗೆ ನಿಂತ ವೈನ್. ಚಾವಣಿಯ ಬಲ್ಬ್ ಅದರಲ್ಲಿ ಕಾಣುತ್ತಿತ್ತು. ಉದ್ದನೆಯ ಕೋಲಿಗೆ ಕಟ್ಟಿದ ಒಂದು ಸೋರೆ ಬುರುಡೆಯನ್ನು ಮೆಲ್ಲಗೆ ಇಳಿಸಿ ವೈನ್ ಮೊಗೆದರು. ಅದಕ್ಕೆ ಒರ್ಶಿಮೊ ಅಂತ ಹೆಸರು. ನಮ್ಮ ಕಡೆ ಹಿಂದೆ ನೀರಿಗೆ, ಬೀಜ ಕಾಪಿಡಲು ಒಣ ಸೋರೆ ಬುರುಡೆಯನ್ನೇ ಬಳಸುತ್ತಿದ್ದರಲ್ವಾ? ಅದೇ ಕಾಯಿ, ಅಷ್ಟು ದೂರದಲ್ಲಿ, ಇನ್ನೂ ದಿನಬಳಕೆಯಲ್ಲಿ. ನಾನು ಅದನ್ನು ಕೇಳಿ ತೆಗೆದುಕೊಂಡು ಸುಮಾರು ಹೊತ್ತು ಕೈಯಲ್ಲೇ ಹಿಡಿದಿದ್ದೆ.

ಈಗ ಒಂದು ಎಚ್ಚರಿಕೆ, ದಯವಿಟ್ಟು ಮನಸ್ಸಿಟ್ಟು ಓದಿ. ಉತ್ತರ ಕರ್ನಾಟಕದವರಿಗೆ ಹಗೇವು ಗೊತ್ತು. ಜೋಳ ತುಂಬಿಡುವ ನೆಲದಡಿಯ ಗುಂಡಿ. ಅದರ ಬಾಯಿ ತೆಗೆದ ಕೂಡಲೇ ಯಾರೂ ಒಳಗೆ ಇಳಿಯುವುದಿಲ್ಲ, ಒಳಗೆ ಕೆಟ್ಟ ಗಾಳಿ ನಿಂತಿರುತ್ತದೆ. ಕ್ವೆವ್ರಿಯೂ ಹಾಗೇ. ವೈನ್ ಹುಳಿ ಬರುವಾಗ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಅದು ಗಾಳಿಗಿಂತ ಭಾರ, ಗುಡಾಣದಲ್ಲೂ ಕೋಣೆಯ ನೆಲದ ಮಟ್ಟದಲ್ಲೂ ತುಂಬಿಕೊಳ್ಳುತ್ತದೆ. ಬಣ್ಣ ಇಲ್ಲ, ಕಣ್ಣಿಗೆ ಕಾಣುವುದಿಲ್ಲ. ಕೊಯ್ಲಿನ ಕಾಲದಲ್ಲಿ ಗುಡಾಣದ ಬಾಯಿಗೆ ಮುಖ ಇಟ್ಟು ಬಗ್ಗಿ ನೋಡಬೇಡಿ, ಫೋಟೊಗಾಗಿ ಖಾಲಿ ಗುಡಾಣಕ್ಕೆ ಇಳಿಯಬೇಡಿ. ಮಕ್ಕಳ ಕೈ ಹಿಡಿದೇ ಇರಿ. ತೆರೆದ ಬಾಯಿಗಳು ನೆಲದ ಮಟ್ಟದಲ್ಲೇ ಇರುತ್ತವೆ, ಕೆಲವು ಒಂದಾಳಿಗಿಂತ ಆಳ. ತಲೆ ಭಾರ ಅನ್ನಿಸಿದರೆ ಹೊರಗೆ ಬಂದುಬಿಡಿ.

ಗುಡಾಣ ತೊಳೆಯುವುದನ್ನೂ ಕೇಳಿ ತಿಳಿದುಕೊಳ್ಳಿ. ಚೆರ್ರಿ ಮರದ ತೊಗಟೆ ಪದರ ಪದರವಾಗಿ ಜೋಡಿಸಿ ಕೋಲಿಗೆ ಕಟ್ಟಿದ ಉಜ್ಜುಗ ಇರುತ್ತದೆ. ಬಿಸಿನೀರು ಹಾಕಿ ಉಜ್ಜುತ್ತಾರೆ, ನೀರು ತೆಗೆಯುತ್ತಾರೆ, ಮತ್ತೆ ಉಜ್ಜುತ್ತಾರೆ. ಕೊನೆಗೆ ಬಂದ ನೀರು ಕುಡಿಯುವಷ್ಟು ಶುದ್ಧ ಆಗುವವರೆಗೆ ಬಿಡುವುದಿಲ್ಲ ಎಂದು ಯಜಮಾನ ಹೇಳಿದರು. ಒಳ್ಳೆಯ ವೈನಿನ ಅರ್ಧ ಕೆಲಸ ಈ ತೊಳೆಯುವುದೇ ಅಂತ ಅವರ ಮಾತು. ಮನೆಯ ಮಡಕೆ ಹುಳಿ ಹಿಡಿಯದ ಹಾಗೆ ನೋಡಿಕೊಂಡ ಯಾರಿಗಾದರೂ ಇದು ಅರ್ಥವಾಗುತ್ತದೆ.

ಹೆಜ್ಜೆ 7: ರುಚಿ ನೋಡುವುದು

ಬಿಳಿ ದ್ರಾಕ್ಷಿಯಿಂದ ಮಾಡಿದ್ದು ಅನ್ನುತ್ತಾರೆ, ಲೋಟದಲ್ಲಿ ಬರುವುದು ಜೋನಿಬೆಲ್ಲವನ್ನು ನೀರಿಗೆ ಬಿಟ್ಟಂಥ ಬಣ್ಣ. ತಿಂಗಳುಗಟ್ಟಲೆ ಸಿಪ್ಪೆಯ ಜೊತೆ ಇದ್ದುದರ ಫಲ ಅದು. ರ್ಕಾತ್ಸಿತೆಲಿ ಅನ್ನುವ ತಳಿ ಅಲ್ಲಿ ಎಲ್ಲ ಕಡೆ. ಮ್ತ್ಸ್ವಾನೆ, ಕಿಸಿ, ಖಿಖ್ವಿ ಸಿಕ್ಕರೆ ಅವನ್ನೂ ಕೇಳಿ. ನನಗೆ ಕಿಸಿ ತುಂಬಾ ಇಷ್ಟ.

ಮೊದಲ ಗುಟುಕಿಗೆ ಗಾಬರಿ ಆಗಬೇಡಿ. ಒಗರು ಇರುತ್ತದೆ. ಗೇರುಹಣ್ಣು ಕಚ್ಚಿದಾಗ ನಾಲಗೆ ಹಿಡಿದ ಹಾಗೆ ಆಗುತ್ತದಲ್ಲ, ಹಾಗೆ. ಎರಡನೇ ಗುಟುಕಿನ ಮುಂಚೆ ಒಂದು ಚೂರು ರೊಟ್ಟಿ, ಚೀಸ್ ಅಥವಾ ಅಕ್ರೋಟು ಬಾಯಿಗೆ ಹಾಕಿಕೊಳ್ಳಿ. ಒಗರು ಇಳಿದು ಒಣ ಏಪ್ರಿಕಾಟ್, ಚಹಾದ ಎಲೆ, ಜೇನಿನ ವಾಸನೆ ಒಂದೊಂದಾಗಿ ಬರುತ್ತದೆ. ಫ್ರಿಜ್‌ನಲ್ಲಿ ಇಟ್ಟ ಹಾಗೆ ತಣ್ಣಗೆ ಬೇಡ, ನೆಲದ ತಂಪೇ ಸಾಕು.

ಕೆಂಪಿನಲ್ಲಿ ಸಪೆರಾವಿ. ಹೆಸರಿನ ಅರ್ಥವೇ ಬಣ್ಣ ಹಾಕುವುದು. ಈ ದ್ರಾಕ್ಷಿಯ ಸಿಪ್ಪೆಯ ಜೊತೆಗೆ ತಿರುಳೂ ಕೆಂಪು. ಒಂದು ಲೋಟ ಕುಡಿದರೆ ನೇರಳೆ ಹಣ್ಣು ತಿಂದವರ ಹಾಗೆ ನಾಲಗೆ ಹಲ್ಲೆಲ್ಲ ಬಣ್ಣ.

ಎಲ್ಲ ಮನೆ ವೈನೂ ಚೆನ್ನಾಗಿರುತ್ತದೆ ಅಂದುಕೊಳ್ಳಬೇಡಿ. ಕೆಲವು ವಿನೆಗರ್ ವಾಸನೆ ಹೊಡೆಯುತ್ತವೆ, ಕೆಲವು ಉಗುರುಬಣ್ಣದ ವಾಸನೆ. ಇಷ್ಟ ಆಗದಿದ್ದರೆ ಸುಳ್ಳು ಹೊಗಳಿಕೆ ಬೇಡ, ಮುಖ ಕಿವುಚುವುದೂ ಬೇಡ. "ಇದಕ್ಕಿಂತ ಆ ಮೊದಲನೆಯದು ನನಗೆ ಹಿಡಿಸಿತು" ಅನ್ನಿ. ಮಾಡಿದವರಿಗೆ ಅಷ್ಟರಲ್ಲೇ ಅರ್ಥವಾಗುತ್ತದೆ. ಉಗುಳಲು ಒಂದು ಲೋಟ ಕೇಳಿದರೆ ತಪ್ಪು ತಿಳಿಯುವುದಿಲ್ಲ.

ಗಸಿಯನ್ನು ಬಟ್ಟಿ ಇಳಿಸಿ ಮಾಡಿದ ಸಾರಾಯಿಗೂ ಚಾಚಾ ಅಂತಲೇ ಹೆಸರು. ಬಲು ಖಡಕ್. ಸಣ್ಣ ಲೋಟ ನೋಡಿ ಮೋಸ ಹೋಗಬೇಡಿ, ಒಂದು ಸಾಕು.

ಹೆಜ್ಜೆ 8: ಊಟದ ಮೇಜು

ನೆಂಟರಿಗೆ ಹಾಕುವ ಈ ಊಟಕ್ಕೆ ಸುಪ್ರಾ ಅನ್ನುತ್ತಾರೆ. ಮೇಜಿನ ಮೇಲೆ ತಟ್ಟೆಯ ಮೇಲೆ ತಟ್ಟೆ ಬರುತ್ತಲೇ ಇರುತ್ತದೆ. ತೋನೆ ಅನ್ನುವ ಮಣ್ಣಿನ ಒಲೆಯ ಗೋಡೆಗೆ ಬಡಿದು ಬೇಯಿಸಿದ ಉದ್ದನೆಯ ಶೋತಿ ರೊಟ್ಟಿ, ಅಕ್ರೋಟು ಅರೆದು ಸುತ್ತಿದ ಬದನೆಕಾಯಿ, ಸೊಪ್ಪು ಅಕ್ರೋಟಿನ ಉಂಡೆಯಾದ ಫ್ಖಾಲಿ, ರಾಜ್ಮಾ ಕಾಳಿನ ಗಟ್ಟಿ ಸಾರು ಲೋಬಿಯೊ, ಹುಳಿ ಪ್ಲಮ್ಮಿನ ತ್ಕೆಮಾಲಿ ಚಟ್ನಿ. ಸಸ್ಯಾಹಾರಿಗಳಿಗೆ ಇಷ್ಟು ಒಳ್ಳೆಯ ಊಟ ಆ ಕಡೆಯ ದೇಶಗಳಲ್ಲಿ ನಾನು ಬೇರೆಲ್ಲೂ ಕಂಡಿಲ್ಲ. ಮೊದಲೇ ಹೊಟ್ಟೆ ತುಂಬಿಸಿಕೊಳ್ಳಬೇಡಿ.

ಕುಡಿಯುವುದಕ್ಕೆ ಒಂದು ಶಿಸ್ತಿದೆ. ತಮಾದಾ ಅಂತ ಒಬ್ಬರು ಹಿರಿಯರು ಇರುತ್ತಾರೆ. ಅವರು ಲೋಟ ಎತ್ತಿ ಹಾರೈಸುತ್ತಾರೆ. ದೇವರಿಗೆ, ಶಾಂತಿಗೆ, ಊರಿಗೆ, ತೀರಿಹೋದವರಿಗೆ, ತಾಯಂದಿರಿಗೆ, ಮಕ್ಕಳಿಗೆ, ಬಂದ ನೆಂಟರಿಗೆ. ಒಂದೊಂದು ಹಾರೈಕೆಯೂ ಒಂದು ಚಿಕ್ಕ ಭಾಷಣ. ಅವರು ಮುಗಿಸಿ "ಗೌಮರ್ಜೋಸ್" ಅಂದ ಮೇಲೆ ಕುಡಿಯಬೇಕು. ನಡುವೆ ಸುಮ್ನೆ ಗುಟುಕರಿಸುವ ಹಾಗಿಲ್ಲ. ಬಿಯರ್ ಹಿಡಿದು ಹಾರೈಸಬೇಡಿ, ಹಳಬರ ಪ್ರಕಾರ ಅದು ಹಗೆಗಳಿಗೆ ಮಾಡುವುದು. ನಿಮ್ಮನ್ನೂ ಮಾತಾಡಿ ಅಂತ ಕೇಳುತ್ತಾರೆ. ಕನ್ನಡದಲ್ಲೇ ಮಾತಾಡಿ, ಯಾರಾದರೂ ತಿರುಗಿಸುತ್ತಾರೆ. ತೀರಿಹೋದವರಿಗಾಗಿ ಲೋಟ ಎತ್ತಿದಾಗ ನಾನು ನನ್ನ ಅಪ್ಪನ ಹೆಸರು ಹೇಳಿದೆ. ಮೇಜಿನ ಸುತ್ತ ಇದ್ದ ಎಲ್ಲರೂ ಎದ್ದು ನಿಂತು ಆ ಹೆಸರನ್ನು ತಮಗೆ ಬಂದ ಹಾಗೆ ಉಚ್ಚರಿಸಿ ಕುಡಿದರು.

ಕುಡಿಯದವರು ಹಿಂಜರಿಯಬೇಡಿ. "ಮೆ ಅರ್ ವ್ಸ್ವಾಮ್", ನಾನು ಕುಡಿಯುವುದಿಲ್ಲ. ಮೊದಲೇ ಒಮ್ಮೆ ಹೇಳಿಬಿಡಿ. ಹಣ್ಣಿನ ಪಾನಕವೋ ತರ್ಖೂನ್ ಅನ್ನುವ ಹಸಿರು ಸೋಡಾವೋ ಹಿಡಿದು ಹಾರೈಕೆಗೆ ಲೋಟ ಎತ್ತಿದರೆ ಸಾಕು. ಕುಡಿಯುವವರು ಲೋಟ ಖಾಲಿ ಮಾಡಿದರೆ ಮತ್ತೆ ತುಂಬುತ್ತಾರೆ ಅನ್ನುವುದು ನೆನಪಿರಲಿ. ಸಾಕು ಅನ್ನಿಸಿದಾಗ ಲೋಟ ತುಂಬಿದ ಹಾಗೇ ಬಿಡಿ.

ಹೊತ್ತು ಇಳಿದ ಮೇಲೆ ಹಾಡು ಶುರುವಾಗುತ್ತದೆ. ಕಾಖೇತಿಯ ಊಟದ ಹಾಡುಗಳಲ್ಲಿ ಇಬ್ಬರು ಮೇಲೆ ಹಾಡುತ್ತಾರೆ, ಉಳಿದವರು ಕೆಳಗೆ ಒಂದೇ ಸ್ವರ ಹಿಡಿದು ನಿಲ್ಲುತ್ತಾರೆ. ತಂಬೂರಿಯ ಶ್ರುತಿ ಕೇಳಿ ಬೆಳೆದ ಕಿವಿಗೆ ಅದು ಹತ್ತಿರ ಅನ್ನಿಸುತ್ತದೆ. 1977ರಲ್ಲಿ ವಾಯೇಜರ್ ನೌಕೆಗಳಲ್ಲಿ ಬಾಹ್ಯಾಕಾಶಕ್ಕೆ ಕಳಿಸಿದ ಚಿನ್ನದ ಲೇಪದ ಗ್ರಾಮಫೋನ್ ತಟ್ಟೆಯಲ್ಲಿ ಜಾರ್ಜಿಯಾದ ಇಂಥದೇ ಒಂದು ಹಾಡಿದೆ. ಆಗ ಫೋನ್ ಎತ್ತಿ ವಿಡಿಯೊ ಮಾಡಬೇಡಿ. ಮಾಡಲೇಬೇಕು ಅನ್ನಿಸಿದರೆ ಕೇಳಿ ಮಾಡಿ.

ಹೆಜ್ಜೆ 9: ದುಡ್ಡು, ಬಾಟಲಿ, ವಾಪಸ್ ಪ್ರಯಾಣ

ಜಾರ್ಜಿಯಾದ ದುಡ್ಡಿಗೆ ಲಾರಿ ಅಂತ ಹೆಸರು. ಆ ನೋಟುಗಳನ್ನು ತೆಲಾವಿಯಲ್ಲೇ ತೆಗೆದಿಟ್ಟುಕೊಳ್ಳಿ, ಹಳ್ಳಿಯಲ್ಲಿ ಕಾರ್ಡ್ ನಡೆಯುತ್ತದೆ ಅಂತ ನಂಬಬೇಡಿ. ಮೆಸೇಜಿನಲ್ಲಿ ಒಪ್ಪಿದ ದುಡ್ಡನ್ನು ಊಟ ಮುಗಿದ ಮೇಲೆ, ಮೇಜಿನ ಮುಂದೆ ಅಲ್ಲ, ಪಕ್ಕಕ್ಕೆ ಕರೆದು ಮಗಳ ಕೈಗೋ ಸೊಸೆಯ ಕೈಗೋ ಕೊಡಿ. ಚೌಕಾಸಿ ಬೇಡ. ಬೇಡ ಬೇಡ ಅಂದರೂ ಕೊಟ್ಟೇ ಬನ್ನಿ. ಜೊತೆಗೆ ಎರಡು ಬಾಟಲಿಯಾದರೂ ಕೊಂಡುಕೊಳ್ಳಿ.

ಎರಡು ಅಂದಿದ್ದಕ್ಕೆ ಕಾರಣ ಇದೆ. ಭಾರತಕ್ಕೆ ಸುಂಕ ಇಲ್ಲದೆ ತರಬಹುದಾದದ್ದು ಒಬ್ಬರಿಗೆ ಎರಡು ಲೀಟರ್. 750 ಮಿ.ಲೀ.ನ ಎರಡು ಬಾಟಲಿ ಒಂದೂವರೆ ಲೀಟರ್, ಮೂರನೆಯದು ಮಿತಿ ದಾಟಿಸುತ್ತದೆ. ಸೌದಿ, ಕುವೈತ್, ಕತಾರ್‌ನಲ್ಲಿ ಕೆಲಸದಲ್ಲಿರುವವರು ಒಂದು ಬಾಟಲಿಯನ್ನೂ ಒಯ್ಯಬೇಡಿ, ಅಲ್ಲಿ ಮದ್ಯ ತರುವುದಕ್ಕೇ ಅನುಮತಿ ಇಲ್ಲ. ಪ್ಲಾಸ್ಟಿಕ್ ಬಾಟಲಿಗೆ ತುಂಬಿಕೊಟ್ಟ ಚಾಚಾವನ್ನು ವಿಮಾನಕ್ಕೆ ಒಯ್ಯಬೇಡಿ. ಖಡಕ್ ಮದ್ಯ ಅಂಗಡಿಯಲ್ಲಿ ಸೀಲ್ ಆದದ್ದೇ ಆಗಿರಬೇಕು.

ಕಟ್ಟುವ ಬಗೆ ಹೀಗೆ: ಬಾಟಲಿಯನ್ನು ಮೊದಲು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ. ಆಮೇಲೆ ದಪ್ಪ ಸ್ವೆಟರಿನಲ್ಲಿ ಸುತ್ತಿ. ಚೆಕ್-ಇನ್ ಸೂಟ್‌ಕೇಸಿನ ನಟ್ಟನಡುವೆ, ಸುತ್ತಲೂ ಬಟ್ಟೆ ಬರುವ ಹಾಗೆ ಇಡಿ. ಒಂದು ಸಲ ಚೀಲ ಕಟ್ಟದೆ ತಂದು ಒಂದು ಬಿಳಿ ಪಂಚೆ ಸಪೆರಾವಿ ಬಣ್ಣಕ್ಕೆ ತಿರುಗಿತು. ಆ ಕಲೆ ಹೋಗಲೇ ಇಲ್ಲ. ಮನೆಗೆ ತಂದ ಮೇಲೆ ಬಾಟಲಿಯನ್ನು ಒಂದು ವಾರ ಅಲುಗಿಸದೆ ತಂಪು ಮೂಲೆಯಲ್ಲಿ ಇಡಿ. ಈ ವೈನುಗಳಲ್ಲಿ ಕೆಡದಂತೆ ಹಾಕುವ ಗಂಧಕದ ಅಂಶ ಬಹಳ ಕಮ್ಮಿ, ನಮ್ಮ ಬೇಸಿಗೆಯ ಬಿಸಿ ತಾಳುವುದಿಲ್ಲ. ತಳದಲ್ಲಿ ಗಸಿ ಕಂಡರೆ ಕೆಟ್ಟಿದೆ ಅಂದುಕೊಳ್ಳಬೇಡಿ, ಮೆಲ್ಲಗೆ ಬಗ್ಗಿಸಿ.

ಊರಿಗೆ ಬಂದ ಮೇಲೆ ಆ ದಿನ ತೆಗೆದ ಫೋಟೊಗಳನ್ನು ಅವರಿಗೆ ಕಳಿಸಿ. ಅಜ್ಜಿಯ ಫೋಟೊ ಇದ್ದರೆ ದೊಡ್ಡದಾಗಿ ಮುದ್ರಿಸಿ, ಮುಂದೆ ಯಾರಾದರೂ ಆ ಕಡೆ ಹೋಗುವಾಗ ಕೊಟ್ಟು ಕಳಿಸಿ. ನಾನು ಕಳಿಸಿದ್ದನ್ನು ಆ ಮನೆಯವರು ಮಾರಾನಿಯ ಗೋಡೆಗೆ, ಒರ್ಶಿಮೊ ನೇತುಹಾಕುವ ಮೊಳೆಯ ಪಕ್ಕದಲ್ಲಿ ಹಾಕಿದ್ದಾರೆ. ಕಳೆದ ಕೊಯ್ಲಿನಲ್ಲಿ ಮೊಮ್ಮಗಳು ಅದರ ಫೋಟೊ ತೆಗೆದು ಕಳಿಸಿದ್ದಳು, ಕೆಳಗೆ ಕಿಸಿ ತುಂಬಿದ ಬಕೆಟ್‌ಗಳು ಸಾಲಾಗಿ ನಿಂತಿದ್ದವು.